ಬೆನ್ನ ಮೇಲೆ ಏಳು ವೃತ್ತ, ಅಮ್ಮನಿಗೆ ಗಾಬರಿ

ಪ್ರಶ್ನೆ: ಸಿಂಗಪುರದ ಚೈನಾಟೌನ್‌ನಲ್ಲಿ ಮೊನ್ನೆ ಕಪ್ಪಿಂಗ್ ಅನ್ನೋ ಚೀನೀ ಚಿಕಿತ್ಸೆ ಮಾಡಿಸಿಕೊಂಡೆ. ಗಾಜಿನ ಬಟ್ಟಲೊಳಗೆ ಬೆಂಕಿ ಆಡಿಸಿ ತಟ್ಟನೆ ಬೆನ್ನಿಗೆ ಒತ್ತಿದರು. ಚರ್ಮ ಬೋಂಡಾ ಥರ ಉಬ್ಬಿತು. ಹಿತವಾಗಿ ನಿದ್ದೆಯೇ ಬಂತು. ಈಗ ಏಳು ನೇರಳೆ ವೃತ್ತ. ವಿಡಿಯೊ ಕಾಲ್‌ನಲ್ಲಿ ನೋಡಿ ಅಮ್ಮ "ಯಾರು ಹೊಡೆದ್ರೋ?" ಅಂತ ಅಳ್ತಿದ್ದಾಳೆ. ಹೋಗುತ್ತಾ ಇದು?

ಉತ್ತರ 1: ವಾರ, ಹತ್ತು ದಿನದಲ್ಲಿ ಹೋಗುತ್ತೆ. ಒಳಗಿನ ಬಿಸಿ ಗಾಳಿ ತಣ್ಣಗಾದಾಗ ಚರ್ಮ ಮೇಲಕ್ಕೆ ಎಳೆದುಕೊಂಡು ಸಣ್ಣ ರಕ್ತನಾಳ ಒಡೆಯುತ್ತೆ, ಅಷ್ಟೇ. "ವಿಷ ಹೊರಬಂತು" ಅನ್ನೋದೆಲ್ಲ ಬುರುಡೆ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಈಜುಗಾರ ಫೆಲ್ಪ್ಸ್ ಮೈಮೇಲೂ ಇಂಥದೇ ವೃತ್ತ ಇದ್ವು, ಆ ಫೋಟೊ ಅಮ್ಮನಿಗೆ ಕಳಿಸಿ.

ಉತ್ತರ 2: ರಕ್ತ ತೆಳುವಾಗಿಸೋ ಮಾತ್ರೆ ತಗೊಳ್ಳೋರು ಇದರ ಸಹವಾಸಕ್ಕೆ ಹೋಗಬೇಡಿ. ನನಗೆ ಒಣಗಿದ ಸೊಪ್ಪು ಉರಿಸಿ ಮೈಗೆ ಶಾಖ ಕೊಡೋ ಮಾಕ್ಸಾ ಚಿಕಿತ್ಸೆಯೇ ಇಷ್ಟ. ಅದರಲ್ಲಿ ಉರಿಸೋದು ನಮ್ಮ ಗಣೇಶನ ಪೂಜೆಯ ಮಾಚಿಪತ್ರೆ ಜಾತಿಯ ಗಿಡ!

ಪ್ರಶ್ನೆ ಕೇಳಿದವ: ಫೋಟೊ ಕಳಿಸಿದೆ. "ಅವನಿಗೆ ಚಿನ್ನದ ಪದಕ ಸಿಕ್ತು, ನಿನಗೇನು ಸಿಕ್ತು?" ಅಂದ್ಲು.