ಆಟಿಸಂ ಇರುವ ಮಗುವಿಗೆ ರೋಬಾಟ್: ಸಾಲ ಮಾಡಿ ತರಬೇಕೇ?

ಯಾದಗಿರಿಯ ತಾಯಿ: ಮಗನಿಗೆ ಆರು ವರ್ಷ, ಆಟಿಸಂ ಇದೆ. ಹೆಸರು ಕರೆದರೆ ತಿರುಗುವುದಿಲ್ಲ, ಮಿಕ್ಸರ್ ಸದ್ದಾದರೆ ಕಿವಿ ಮುಚ್ಚಿಕೊಳ್ಳುತ್ತಾನೆ. ಮಾತಾಡುವ ರೋಬಾಟ್ ತಂದರೆ ಸುಧಾರಿಸುತ್ತಾನೆಂದು ಹೈದರಾಬಾದಿನಲ್ಲಿರುವ ಮೈದುನ ಹೇಳುತ್ತಿದ್ದಾರೆ. ಸಾಲ ಮಾಡಬೇಕಾಗುತ್ತದೆ. ಬಲ್ಲವರು ತಿಳಿಸಿ.

ಕಲಬುರಗಿಯ ವಿಶೇಷ ಶಿಕ್ಷಕಿ: ಅಕ್ಕಾ, ಸಾಲವಂತೂ ಬೇಡ. ಹಿಂದೆ ಕೆಲಸ ಮಾಡುತ್ತಿದ್ದ ಕೇಂದ್ರದಲ್ಲಿ ‘ನಾವೊ’ ಎಂಬ ರೋಬಾಟ್ ಇತ್ತು, ಎತ್ತರ ಎರಡಡಿಗೂ ಕಡಿಮೆ. ಎಷ್ಟು ಸಲ ಹೇಳಿಸಿದರೂ ಅದರ ದನಿ ಏರುವುದಿಲ್ಲ, ಹುಬ್ಬು ಗಂಟಿಕ್ಕುವುದಿಲ್ಲ. ನಮ್ಮ ಮುಖ ಗಳಿಗೆಗೊಂದು ಬಗೆ; ಅದನ್ನು ಅರ್ಥ ಮಾಡಿಕೊಳ್ಳುವುದು ಈ ಮಕ್ಕಳಲ್ಲಿ ಹಲವರಿಗೆ ಕಷ್ಟ. ಬ್ರಿಟನ್ನಿನ ಹರ್ಟ್‌ಫರ್ಡ್‌ಶೈರ್ ವಿಶ್ವವಿದ್ಯಾಲಯದವರು ತಮ್ಮ ‘ಕ್ಯಾಸ್ಪರ್’ ರೋಬಾಟಿಗೆ ಬೇಕೆಂದೇ ಸರಳ ಮುಖ ಕೊಟ್ಟಿರುವುದು ಇದಕ್ಕಾಗಿಯೇ.

ಒಬ್ಬ ಹುಡುಗ ಬಂದಾಗಲೆಲ್ಲ ನಾವೊನ ಕಣ್ಣಿನ ದೀಪವನ್ನು ಬೆರಳಿನಿಂದ ಮುಚ್ಚಿ ತೆಗೆದು ಮಾಡುತ್ತಿದ್ದ, ಅಷ್ಟೇ. ಒಮ್ಮೆ ಅದು ಕೈ ಎತ್ತಿದಾಗ ತಾನೂ ಎತ್ತಿದ, ಎತ್ತಿದವನು ‘ನೋಡಿದಿರಾ?’ ಎನ್ನುವಂತೆ ನನ್ನತ್ತ ತಿರುಗಿದ. ನಮಗೆ ಬೇಕಾಗಿದ್ದದ್ದೇ ಅದು. ಪಕ್ಕದಲ್ಲಿ ಯಾರೂ ಇಲ್ಲದಿದ್ದರೆ ಅವನು ತಿರುಗುವುದು ಯಾರತ್ತ? 2018ರಲ್ಲಿ ಪ್ರಕಟವಾದ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಅಧ್ಯಯನದಲ್ಲಿ 12 ಮಕ್ಕಳ ಮನೆಯಲ್ಲಿ ಒಂದು ತಿಂಗಳು ರೋಬಾಟ್ ಇಟ್ಟು, ದಿನಕ್ಕೆ 30 ನಿಮಿಷ ಆಡಿಸಿದರು. ಮನೆಯ ಹಿರಿಯರೊಬ್ಬರೂ ಆಟದಲ್ಲಿರುತ್ತಿದ್ದರು. ರೋಬಾಟ್ ಇಲ್ಲದಾಗಲೂ ದೊಡ್ಡವರೊಂದಿಗೆ ಒಂದೇ ವಸ್ತುವಿನತ್ತ ಗಮನ ಕೊಡುವುದು ಸುಧಾರಿಸಿತು. ಆದರೆ 12 ಮಕ್ಕಳೆಂದರೆ ಸಣ್ಣ ಲೆಕ್ಕ. ಅದನ್ನೇ ಮುಂದಿಟ್ಟು ಸಾಮಾನು ಮಾರುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಇನ್ನೊಂದು ಮಾತು: ಕೈಕಾಲು ಆಡಿಸುವಾಗ ನಾವೊನ ಮೋಟಾರ್ ಗುಂಯ್‌ಗುಡುತ್ತದೆ. ನಿಮ್ಮ ಮಗನಿಗೆ ಮೊದಲು ದೂರದಿಂದ ತೋರಿಸಿ.

ಬೀದರಿನ ತಂದೆ: ನಮ್ಮ ಮನೆಗೆ ಬಂದ ಮಾತಿನ ಆಟಿಕೆಗೆ ಇಂಗ್ಲಿಷ್ ಬಿಟ್ಟು ಬೇರೆ ಬಾರದು. ಮಗಳು ಕೇಳಿ ಬೆಳೆದಿರುವುದು ಕನ್ನಡ, ಉರ್ದು. ಈಗ ಅದು ಹೇಳಿದ್ದನ್ನೇ ತಿರುಗಿ ಹೇಳುತ್ತಾಳೆ, ಆದರೆ ನೀರು ಬೇಕಾದರೆ ಬಾಯಿಬಿಟ್ಟು ಕೇಳದೆ ನಮ್ಮ ಕೈ ಎಳೆಯುತ್ತಾಳೆ. ಸ್ಪೀಚ್ ಥೆರಪಿಯಲ್ಲಿ ಚಿತ್ರದ ಕಾರ್ಡ್ ತೋರಿಸಿ ಬೇಕಾದ್ದನ್ನು ಕೇಳುವುದನ್ನು ಕಲಿಸುತ್ತಿದ್ದಾರೆ, ಅದು ಹಿಡಿಯುತ್ತಿದೆ. ತಾಯಿ, ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ? 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಆಟಿಸಂ ಕೂಡ ಸೇರಿದೆ. ‘ನಿರಾಮಯ’ ಎಂಬ ಸರ್ಕಾರಿ ಆರೋಗ್ಯ ವಿಮೆ 1 ಲಕ್ಷ ರೂಪಾಯಿವರೆಗೆ ಇದೆ, ಥೆರಪಿಗೂ ಅದರಲ್ಲಿ ಪಾಲುಂಟು.

ಕಲಬುರಗಿಯ ಅಜ್ಜ: ಮೊಮ್ಮಗನಿಗೆ ಚೆಂಡು ಉರುಳಿಸಿ ‘ಈಗ ನಿನ್ನ ಸರದಿ’ ಎಂದು ನಾನೇ ಆಡಿಸುತ್ತೇನೆ. ಮೈದುನರಿಗೆ ಅಷ್ಟು ಆಸೆಯಿದ್ದರೆ ರಜೆಗೆ ಊರಿಗೆ ಬಂದು ಕೂರಲಿ.