ಪದ ಬೇಕು, ಅರ್ಜೆಂಟ್: ರೇಡಾರ್ ಇಂಟರ್‌ಫಿಯರೆನ್ಸ್, ಬ್ಲ್ಯಾಂಕಿಂಗ್

ಶಿವಮೊಗ್ಗದಿಂದ:
ಎಲ್ರಿಗೂ ನಮಸ್ಕಾರ. ಕಾಲೇಜಿನ ವಸ್ತುಪ್ರದರ್ಶನಕ್ಕೆ ಫ್ಲೆಕ್ಸ್ ಬರೀತಿದೀನಿ, ನಾಳೆ ಬೆಳಿಗ್ಗೆ ಹತ್ತಕ್ಕೆ ಪ್ರಿಂಟಿಗೆ ಕೊಡ್ಬೇಕು. ಹಡಗಲ್ಲೋ ಏರ್‌ಪೋರ್ಟಲ್ಲೋ ರೇಡಾರ್ ಪಕ್ಕದಲ್ಲೇ ರೇಡಿಯೋ ರಿಸೀವರ್ ಇದ್ರೆ ಅದರಲ್ಲಿ ಗುಂಯ್ ಅಂತ ಸದ್ದು ಬರುತ್ತಲ್ಲ, ರೇಡಾರಿನ ಆಂಟೆನಾ ಸುತ್ತಿ ಈ ಕಡೆ ಮುಖ ಮಾಡಿದಾಗಲೆಲ್ಲ ಜೋರಾಗೋದು, ಅದನ್ನ ಕಮ್ಮಿ ಮಾಡೋದು ಹೇಗೆ ಅನ್ನೋದು ವಿಷಯ. ಇಂಟರ್‌ಫಿಯರೆನ್ಸಿಗೆ ‘ವ್ಯತಿಕರಣ’ ಅಂತ ಹಾಕಿದೀನಿ, ಸರೀನಾ? ಇನ್ನೊಂದು ಬ್ಲ್ಯಾಂಕಿಂಗ್. ಪಲ್ಸ್, ಅಂದ್ರೆ ರೇಡಾರ್ ಬಿಟ್ಟು ಬಿಟ್ಟು ಕಳಿಸೋ ಚುಟುಕು ರೇಡಿಯೋ ಅಲೆ, ಹೊರಡೋವಷ್ಟು ಹೊತ್ತು ಮಾತ್ರ ರಿಸೀವರನ್ನ ಕಿವುಡು ಮಾಡೋದು. ಹಡಗಲ್ಲಾದ್ರೆ ರೇಡಾರೇ ತಂತಿ ಮೂಲಕ ‘ಈಗ ಬಿಡ್ತೀನಿ’ ಅಂತ ಮೊದಲೇ ತಿಳಿಸೋ ಏರ್ಪಾಡೂ ಇರುತ್ತೆ. ಇದಕ್ಕೊಂದು ಪದ ಹೇಳಿ.

ಸಾಗರದಿಂದ:
ವ್ಯತಿಕರಣ ತೆಗೀರಿ. ಅದು ಪಿಯುಸಿ ಭೌತಶಾಸ್ತ್ರದ್ದು, ಯಂಗ್ ಮಾಡಿದ ಎರಡು ಸೀಳಿನ ಪ್ರಯೋಗ, ಅಲೆಗೆ ಅಲೆ ಸೇರಿ ಬೆಳಕು ಕತ್ತಲೆ ಪಟ್ಟೆ ಬೀಳೋದು. ಇಲ್ಲೆಲ್ಲಿದೆ ಪಟ್ಟೆ? ಇದು ಕಾಟ. ಮಂಗನ ಕಾಟ ಅಂತೀವಲ್ಲ, ಹಾಗೇ ರೇಡಾರ್ ಕಾಟ. ನಮ್ಮ ತೋಟಕ್ಕೆ ಸೋಲಾರ್ ಬೇಲಿ ಹಾಕಿಸಿದ ರಾತ್ರಿಯಿಂದ ಭದ್ರಾವತಿ ಸ್ಟೇಷನ್ ಹಚ್ಚಿದ್ರೆ ಸೆಕೆಂಡಿಗೊಂದು ಟಕ್, ಟಕ್. ಅಮ್ಮ ಅಂದಿದ್ದು ‘ಬೇಲಿ ರೇಡಿಯೋಕ್ಕೆ ತಾಗ್ತಿದೆ ಕಣೋ, ವಾರ್ತೆ ಮುಗಿಯೋ ತಂಕ ಆರ್ಸು’ ಅಂತ. ಅದೇ ಟಕ್ಕು ಸೆಕೆಂಡಿಗೆ ಸಾವಿರ ಆದ್ರೆ ನಿಮ್ಮ ಗುಂಯ್.

ತೀರ್ಥಹಳ್ಳಿಯಿಂದ:
‘ಕಾಟ’ ಗಂಭೀರ ಬರಹಕ್ಕೆ ಹೊಂದೋದಿಲ್ಲ, ‘ಅಡಚಣೆ’ ಸಾಕು. ಬ್ಲ್ಯಾಂಕಿಂಗಿಗೆ ‘ನಿಮೇಷನ’. ನಿಮೇಷ ಅಂದ್ರೆ ರೆಪ್ಪೆ ಮುಚ್ಚೋದು, ನಿಮಿಷ ಅನ್ನೋದೂ ಆ ಮೂಲದ್ದೇ.

ಹೊಸನಗರದಿಂದ:
ನಿಮೇಷನ ಅಂತ ಹಾಕಿದ್ರೆ ಓದೋರು ನಿಮಿಷ ಅಂದ್ಕೋತಾರೆ, ಇಲ್ಲಿರೋದು ಮೈಕ್ರೋಸೆಕೆಂಡ್ ವ್ಯವಹಾರ, ಸೆಕೆಂಡಿನ ಹತ್ತು ಲಕ್ಷದಲ್ಲೊಂದು ಪಾಲು. ನಮ್ಮದೇ ‘ಎವೆ’ ಇಲ್ವಾ? ತಮಿಳಿನ ಇಮೈ ಇದರ ಒಡಹುಟ್ಟು. ‘ಎವೆಯಿಕ್ಕದೆ ನೋಡಿದ’ ಅಂತೀವಿ. ಬ್ಲ್ಯಾಂಕಿಂಗ್ = ಎವೆಯಿಕ್ಕು. ಮುಗೀತು.

ಸಾಗರದಿಂದ:
ಕಿವಿಗೆ ಎವೆ ಎಲ್ಲಿದೆ ಮಾರಾಯ್ರೆ?

ಹೊಸನಗರದಿಂದ:
ಲೆಕ್ಕ ಹಾಕಿ. 1 ಮೈಕ್ರೋಸೆಕೆಂಡಿನ ಪಲ್ಸ್, ಸೆಕೆಂಡಿಗೆ 1000. ಪ್ರತಿ ಸಲ 10 ಮೈಕ್ರೋಸೆಕೆಂಡ್ ಮುಚ್ಚಿದ್ರೂ ಕಳ್ಕೊಳ್ಳೋದು ನೂರರಲ್ಲೊಂದು ಪಾಲು, ಮಾತು ಹಾಗೇ ಕೇಳುತ್ತೆ. ಎವೆ ಬಡಿದಾಗ ಕತ್ತಲಾಯ್ತು ಅಂತ ನಿಮಗೆ ಅನ್ಸುತ್ತಾ? ಅಂದ ಹಾಗೆ ಶಿವಮೊಗ್ಗದವರೇ, ಚಿತ್ರ ಸರಿಯಾಗಿ ಬರೆಸಿ, ಮುಚ್ಚೋದು ಬೇಕಾದ ಸ್ಟೇಷನ್ ಮಾತ್ರ ಒಳಬಿಡೋ ಕಿರಿದಾದ ಫಿಲ್ಟರಿಗಿಂತ ಮುಂಚೆ ಆಗ್ಬೇಕು. 3 ಕಿಲೋಹರ್ಟ್ಸ್ ಫಿಲ್ಟರ್ ದಾಟಿದ ಮೇಲೆ ಆ ಪುಟಾಣಿ ಪಲ್ಸು ಸುಮಾರು 300 ಮೈಕ್ರೋಸೆಕೆಂಡ್ ಎಳ್ಕೊಂಡಿರುತ್ತೆ, ದೇವಸ್ಥಾನದ ಗಂಟೆ ಹೊಡೆದು ಕೈ ಬಿಟ್ಟ ಮೇಲೂ ಅನುರಣಿಸೋ ಹಾಗೆ. ಆಗ ಮುಚ್ಚೋಕೆ ಹೋದ್ರೆ ಮಾತೂ ಹೋಯ್ತು.

ತೀರ್ಥಹಳ್ಳಿಯಿಂದ:
ಈಗ ‘ಅನುರಣಿಸೋ’ ಅಂದ್ರಲ್ಲ, ಅದು ಯಾವ ಭಾಷೆ? 1935ರಲ್ಲಿ ಮೈಸೂರಲ್ಲಿ ಎಂ. ವಿ. ಗೋಪಾಲಸ್ವಾಮಿಯವರು ಶುರು ಮಾಡಿದ ಸ್ಟೇಷನ್ನಿಗೆ ಇಟ್ಟಿದ್ದು ‘ಆಕಾಶವಾಣಿ’, ಸಂಸ್ಕೃತವೇ. ಇಡೀ ದೇಶ ತಗೊಳ್ತು.

ಹೊಸನಗರದಿಂದ:
ದೇಶ ತಗೊಳ್ತು. ನಿಮ್ಮನೆ ಪೆಟ್ಟಿಗೆಗೆ ನೀವು ಏನಂತೀರಿ, ರೇಡಿಯೋ ತಾನೇ?

ಸಾಗರದಿಂದ:
ಇಬ್ರೂ ಸೇರಿ ಪಾಪ ಅವರ ಫ್ಲೆಕ್ಸ್ ಹಾಳು ಮಾಡ್ತೀರಿ.

ಶಿವಮೊಗ್ಗದಿಂದ:
ಅಂಗಡೀಲೇ ನಿಂತು ಟೈಪ್ ಮಾಡ್ತಿದೀನಿ. ತಲೆಬರಹ ‘ಪಕ್ಕದ ರೇಡಿಯೋಕ್ಕೆ ರೇಡಾರ್ ಕಾಟ ತಪ್ಪಿಸೋದು ಹೇಗೆ’. ತೀರ್ಥಹಳ್ಳಿ ಮೇಷ್ಟ್ರು ಬೇಜಾರು ಮಾಡ್ಕೋಬಾರ್ದು, ಒಳಗಡೆ ನಾಲ್ಕು ಕಡೆ ಅಡಚಣೆ ಇದೆ. ಪಲ್ಸ್, ಫಿಲ್ಟರ್ ಮುಟ್ಟಿಲ್ಲ. ಚಿತ್ರದಲ್ಲಿ ಫಿಲ್ಟರ್ ಹಿಂದುಮುಂದಾಗಿತ್ತು, ತಿದ್ದಿಸಿದೆ, ಅದಕ್ಕೆ ಹೊಸನಗರದವರಿಗೆ ದೊಡ್ಡ ಥ್ಯಾಂಕ್ಸ್. ಆದ್ರೆ ‘ಎವೆಯಿಕ್ಕು’ ನಮ್ಮ ಲ್ಯಾಬ್ ಅಟೆಂಡರಿಗೆ ತೋರಿಸಿದ್ರೆ ‘ಏನ್ ಸಾರ್, ಎಲೆ ಇಕ್ಕೋದಾ, ಊಟ ಇದ್ಯಾ’ ಅಂದ. ‘ಕಣ್ಮಿಟುಕು’ ಮಾಡಿದೆ. ಪಕ್ಕದಲ್ಲಿ ಬ್ಲ್ಯಾಂಕಿಂಗ್ ಅಂತಲೂ ಹಾಕ್ಸೋಣ ಅಂದ್ಕೊಂಡ್ರೆ ಅಂಗಡಿ ಕಂಪ್ಯೂಟರಲ್ಲಿ ಒತ್ತಕ್ಷರ ಒಡೆದು ಚೆಲ್ಲಾಪಿಲ್ಲಿ, ತೆಗೆಸಿಬಿಟ್ಟೆ.