ಮನೆಯಲ್ಲಿ ಹೇಳುವುದು ಹೇಗೆ? ಆಪ್ತಸಮಾಲೋಚಕಿಯೊಂದಿಗೆ ಪ್ರಶ್ನೋತ್ತರ

ಪ್ರಶ್ನೆ (ಎಂಜಿನಿಯರಿಂಗ್ ವಿದ್ಯಾರ್ಥಿ, ಹಾವೇರಿ ಜಿಲ್ಲೆ):

ಮೇಡಂ, ನಮಸ್ಕಾರ. ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಓದುತ್ತಿದ್ದೇನೆ. ಮನೆಯವರ ಲೆಕ್ಕದಲ್ಲಿ ನಾನೀಗ ಐದನೆಯ ಸೆಮಿಸ್ಟರ್. ನಿಜವಾಗಿ ನಾಲ್ಕು ವಿಷಯ ಬಾಕಿ ಉಳಿದು ಇಯರ್ ಬ್ಯಾಕ್ ಆಗಿದೆ, ಮುಂದಿನ ವರ್ಷದ ತರಗತಿಗೆ ಹೋಗಲು ಆಗಿಲ್ಲ. ಪಿಜಿಯಲ್ಲಿ ಸುಮ್ಮನೆ ಕುಳಿತಿದ್ದೇನೆ. ಅಪ್ಪ ಮೆಕ್ಕೆಜೋಳ ಬೆಳೆಯುತ್ತಾರೆ. ಬ್ಯಾಂಕಿನ ಶಿಕ್ಷಣ ಸಾಲವಲ್ಲದೆ ಕೈಸಾಲವೂ ಇದೆ. ಪ್ರತಿ ರಾತ್ರಿ ಅವ್ವ ಫೋನ್ ಮಾಡಿ ಊಟವಾಯಿತೇ, ಓದು ಹೇಗೆ ನಡೆದಿದೆ ಎಂದು ಕೇಳುತ್ತಾಳೆ. ಚೆನ್ನಾಗಿದೆ ಎನ್ನುತ್ತೇನೆ. ಅಕ್ಕನಿಗೆ ಅನುಮಾನ ಬಂದಂತಿದೆ. ದೀಪಾವಳಿಗೆ ಊರಿಗೆ ಹೋಗಲೇಬೇಕು. ಅಪ್ಪನಿಗೆ ರಕ್ತದೊತ್ತಡವಿದೆ, ಹೇಳಿದರೆ ಏನಾದರೂ ಆದೀತೆಂಬ ಭಯ. ಈಗಲೇ ಹೇಳಲೇ, ಬಾಕಿ ವಿಷಯ ಮುಗಿಸಿಕೊಂಡು ಆಮೇಲೆ ಹೇಳಲೇ?

ಉತ್ತರ:

ಮೊದಲು ನಾನೇ ಒಂದು ಪ್ರಶ್ನೆ ಕೇಳುತ್ತೇನೆ. ಬದುಕೇ ಬೇಡ ಎನ್ನುವ ಯೋಚನೆ ಬಂದಿದೆಯೇ? ಬಂದಿದ್ದರೆ ಅಪ್ಪನಿಗೆ ಹೇಳುವ ವಿಚಾರವನ್ನು ಪಕ್ಕಕ್ಕಿಡಿ, ಇವತ್ತೇ 14416ಕ್ಕೆ ಕರೆ ಮಾಡಿ. ಅದು ಟೆಲಿ ಮಾನಸ್, 2022ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಉಚಿತ ಸಹಾಯವಾಣಿ. ದಿನದ 24 ಗಂಟೆಯೂ ಇರುತ್ತದೆ, ಕನ್ನಡದಲ್ಲೇ ಮಾತನಾಡಬಹುದು. ಇದನ್ನು ಎಲ್ಲರಿಗೂ ಕೇಳುತ್ತೇನೆ, ನಿಮ್ಮೊಬ್ಬರ ಮೇಲಿನ ಅನುಮಾನವೆಂದು ತಿಳಿಯಬೇಡಿ.

ಇನ್ನು ನಿಮ್ಮ ಪ್ರಶ್ನೆಗೆ ಬರುತ್ತೇನೆ. ಈಗಲೇ ಹೇಳಿ, ದೀಪಾವಳಿಗಿಂತ ಮುಂಚೆ ಹೇಳಿ. ಹಬ್ಬಕ್ಕೆ ಮಾವ, ಚಿಕ್ಕಪ್ಪ ಎಲ್ಲರೂ ಬಂದಿರುತ್ತಾರೆ. ಹತ್ತು ಜನರ ಎದುರು ಈ ಸುದ್ದಿ ಕೇಳಿದ ಅಪ್ಪ ಮೊದಲು ಕಾಪಾಡಿಕೊಳ್ಳುವುದು ತಮ್ಮ ಮಾನವನ್ನು. ಮಗನ ಕಡೆ ನೋಡುವುದು ಆಮೇಲೆ. ಗುಟ್ಟು ನಿಮ್ಮ ಕೈಯಲ್ಲಿ ಉಳಿಯುತ್ತದೆಂಬ ಭರವಸೆಯೂ ಇಲ್ಲ. ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಫಲಿತಾಂಶವಾದರೆ ವಿದ್ಯಾರ್ಥಿಯ ನೋಂದಣಿ ಸಂಖ್ಯೆ (ಯುಎಸ್‌ಎನ್) ಗೊತ್ತಿರುವ ಯಾರು ಬೇಕಾದರೂ ಜಾಲತಾಣದಲ್ಲಿ ನೋಡಬಹುದು. ಅಕ್ಕನಿಗೆ ಅನುಮಾನ ಹೇಗೆ ಬಂತೆಂದು ನೀವು ಬರೆದಿಲ್ಲ, ನನ್ನ ಊಹೆ ಇದೇ. ಶಿಕ್ಷಣ ಸಾಲದಲ್ಲಿ ಸಾಮಾನ್ಯವಾಗಿ ತಂದೆ ಅಥವಾ ತಾಯಿ ಸಹಸಾಲಗಾರರಾಗಿರುತ್ತಾರೆ. ಮುಂದಿನ ಕಂತಿಗೆ ಬ್ಯಾಂಕು ಅಂಕಪಟ್ಟಿ ಕೇಳಿದರೆ ಮಾತು ನೇರವಾಗಿ ಅಪ್ಪನ ಹತ್ತಿರ ಹೋಗುತ್ತದೆ.

ನೀವು ಹೇಳಬೇಕಾಗಿರುವುದು ಎರಡು ಸಂಗತಿ: ನಪಾಸಾಗಿದ್ದೇನೆ, ಇಷ್ಟು ದಿನ ಸುಳ್ಳು ಹೇಳಿದ್ದೇನೆ. ಎರಡನ್ನೂ ಒಂದೇ ಸಲಕ್ಕೆ ಹೇಳಿ. ಮೊದಲನೆಯದನ್ನು ಹೇಳಿ ಎರಡನೆಯದನ್ನು ಅವರೇ ಪತ್ತೆ ಹಚ್ಚಲಿ ಎಂದು ಬಿಟ್ಟ ಮನೆಗಳಲ್ಲಿ ಜಗಳ ವಾರಗಟ್ಟಲೆ ಎಳೆಯುವುದನ್ನು ನೋಡಿದ್ದೇನೆ. ಮಗ ನಪಾಸಾದದ್ದನ್ನು ಅಪ್ಪಂದಿರು ಹೇಗೋ ನುಂಗಿಕೊಳ್ಳುತ್ತಾರೆ. ಊರಿನ ಕಟ್ಟೆಯ ಮೇಲೆ ಕುಳಿತು 'ನನ್ನ ಮಗ ಐದನೇ ಸೆಮಿಸ್ಟರ್' ಎಂದು ಹೇಳಿಕೊಂಡಿದ್ದು ಸುಳ್ಳಾಯಿತಲ್ಲ, ಅದು ಬೇಗ ಇಳಿಯುವುದಿಲ್ಲ.

ನಮ್ಮ ಕಡೆ ಒಂದು ಹಳೆಯ ದಾರಿಯಿದೆ. ಅವ್ವನ ಕಿವಿಯಲ್ಲಿ ಹಾಕುವುದು, ಅವ್ವ ಅಪ್ಪನಿಗೆ ಹೇಳುವುದು. ನನಗೆ ಅದು ಒಪ್ಪಿಗೆಯಿಲ್ಲ. 'ನೀನೇ ಮುದ್ದು ಮಾಡಿ ಕೆಡಿಸಿದೆ' ಎಂಬ ಬೈಗುಳ ಅವ್ವನ ಪಾಲಿಗೆ ಬರುತ್ತದೆ, ನೀವು ಬೆಂಗಳೂರಿನಲ್ಲಿ ಕುಳಿತು ಏನಾಯಿತೆಂದು ಅಕ್ಕನಿಗೆ ಮೆಸೇಜ್ ಮಾಡುತ್ತಿರುತ್ತೀರಿ. ಅಕ್ಕನಿಗೂ ಅವ್ವನಿಗೂ ಹಿಂದಿನ ದಿನ ತಿಳಿಸಿ, ಆದರೆ ಅಪ್ಪನಿಗೆ ನೀವೇ ಹೇಳಿ. ಒಂದು ವಾರಾಂತ್ಯ ಬಸ್ ಹತ್ತಿ ಊರಿಗೆ ಹೋಗಿ. ಊಟದ ಹೊತ್ತು ಬೇಡ, ತಟ್ಟೆಯ ಮುಂದಿನಿಂದ ಎದ್ದು ಹೋದವರನ್ನು ಮತ್ತೆ ಕೂರಿಸುವುದು ಕಷ್ಟ. ಬೆಳಗಿನ ಚಹಾ ಆಗಿ, ರಕ್ತದೊತ್ತಡದ ಮಾತ್ರೆ ತೆಗೆದುಕೊಂಡಾದ ಮೇಲೆ ಮಾತಾಡಿ. ನಿಮ್ಮ ಭಯ ಸುಳ್ಳಲ್ಲ. ಆದರೆ ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದಾರೋ ಇಲ್ಲವೋ ಎಂದು ಅಕ್ಕನನ್ನು ಕೇಳಿ ಖಚಿತಪಡಿಸಿಕೊಳ್ಳುವುದು ಸುಳ್ಳನ್ನು ಮುಂದುವರಿಸುವುದಕ್ಕಿಂತ ಒಳ್ಳೆಯ ಕಾಳಜಿ.

ಮಾತು ಸುತ್ತಿ ಬಳಸುವುದು ಬೇಡ. 'ಅಪ್ಪಾ, ಒಂದು ಕೆಟ್ಟ ಸುದ್ದಿ ಹೇಳಬೇಕು. ನಾಲ್ಕು ವಿಷಯದಲ್ಲಿ ಫೇಲಾಗಿದ್ದೇನೆ, ಒಂದು ವರ್ಷ ಹಿಂದೆ ಬಿದ್ದಿದ್ದೇನೆ. ನಿಮಗೆ ಸುಳ್ಳು ಹೇಳುತ್ತಾ ಬಂದೆ. ತಪ್ಪಾಯಿತು.' ಇಷ್ಟೇ ಹೇಳಿ ಸುಮ್ಮನಿರಿ. ಉಪನ್ಯಾಸಕರು ಸರಿಯಿಲ್ಲ, ಪ್ರಶ್ನೆಪತ್ರಿಕೆ ಕಠಿಣ ಎಂಬುದೆಲ್ಲ ನಿಜವಿದ್ದರೂ ಆ ಹೊತ್ತಿಗೆ ನೆಪವಾಗಿಯೇ ಕೇಳಿಸುತ್ತದೆ. ಬೈದರೆ ಬೈಸಿಕೊಳ್ಳಿ. ಬ್ಯಾಗಿನಲ್ಲಿ ಅಂಕಪಟ್ಟಿಯ ಪ್ರತಿ, ಮುಂದಿನ ಪರೀಕ್ಷೆಗೆ ಶುಲ್ಕ ಕಟ್ಟಬೇಕಾದ ದಿನ, ಅದರ ಮೊತ್ತ, ಈ ಒಂದು ವರ್ಷದ ಖರ್ಚಿನ ಲೆಕ್ಕ ಇವೆಲ್ಲ ಒಂದು ಹಾಳೆಯಲ್ಲಿ ಬರೆದದ್ದು ಇರಲಿ. ಅಪ್ಪ ಮೊದಲು ಕೇಳುವ ನೆಟ್ಟಗಿನ ಪ್ರಶ್ನೆ ಹಣದ್ದೇ ಆಗಿರುತ್ತದೆ, ಆಗ ಉತ್ತರ ಸಿದ್ಧವಿರಬೇಕು. ಓದು ಒಂದು ವರ್ಷ ಮುಂದೆ ಹೋಗಿದೆ ಎಂಬುದನ್ನು ಬ್ಯಾಂಕಿಗೂ ತಿಳಿಸಬೇಕು. ಮರುಪಾವತಿ ಆರಂಭದ ದಿನವನ್ನು ಮುಂದೂಡಲು ಆಗುತ್ತದೆಯೇ ಎಂದು ಶಾಖೆಯ ವ್ಯವಸ್ಥಾಪಕರನ್ನೇ ಕೇಳಿ.

ಸದಸ್ಯರೊಬ್ಬರ ಪ್ರತಿಕ್ರಿಯೆ:

ಮೇಡಂ, ಇದೆಲ್ಲ ಪುಸ್ತಕದ ಮಾತು. ನಾನೂ ಹೀಗೆಯೇ ಮುಚ್ಚಿಟ್ಟು, ಪಾಸಾದ ಮೇಲೆ ನಗುತ್ತಾ ಹೇಳಿದೆ. ಏನೂ ಆಗಲಿಲ್ಲ.

ಉತ್ತರ:

ನಿಮಗೆ ಒಳ್ಳೆಯದಾಯಿತು, ಸಂತೋಷ. ಆದರೆ ಈ ಹುಡುಗ ಓದುತ್ತಿಲ್ಲ, ಪಿಜಿಯಲ್ಲಿ ಸುಮ್ಮನೆ ಕುಳಿತಿದ್ದೇನೆಂದು ಬರೆದಿದ್ದಾರೆ. ಪ್ರತಿ ರಾತ್ರಿ ಅವ್ವನ ಫೋನಿಗೆ ಏನು ಹೇಳಬೇಕೆಂದು ಸಂಜೆಯಿಂದಲೇ ಹೊಂದಿಸಿಕೊಳ್ಳುವವರಿಗೆ ಗಣಿತ ತಲೆಗೆ ಹೋಗುವುದಿಲ್ಲ. ಮುಚ್ಚಿಟ್ಟು ಓದಲು ಆಗುವವರು ಇರಬಹುದು, ಇವರು ಅವರಲ್ಲ.

ತಂದೆಯೊಬ್ಬರ ಪ್ರಶ್ನೆ:

ನನಗೂ ಈ ವಯಸ್ಸಿನ ಮಗನಿದ್ದಾನೆ. ಓದುತ್ತಾ ಎದೆ ಧಸಕ್ ಎಂದಿತು. ನಾಳೆ ಅವನು ಬಂದು ಹೀಗೆ ಹೇಳಿದರೆ ನಾನೇನು ಮಾಡಬೇಕು? ಸಿಟ್ಟು ಬರದೆ ಇರುತ್ತದೆಯೇ?

ಉತ್ತರ:

ಬರುತ್ತದೆ, ಬರಲಿ. ಮೂರು ಕೆಲಸ ಮಾತ್ರ ಮಾಡಬೇಡಿ. ಪಕ್ಕದ ಮನೆಯ ಹುಡುಗನ ಹೆಸರೆತ್ತಬೇಡಿ. ಅದೇ ರಾತ್ರಿ ಬಾವಮೈದುನನಿಗೆ ಫೋನ್ ಮಾಡಬೇಡಿ. 'ಓದು ಸಾಕು, ಮನೆಗೆ ಬಾ' ಎಂಬಂಥ ತೀರ್ಮಾನವನ್ನು ಸಿಟ್ಟಿನಲ್ಲಿ ಕೊಡಬೇಡಿ, ಆಮೇಲೆ ಅದನ್ನು ಹಿಂದಕ್ಕೆ ತೆಗೆದುಕೊಳ್ಳಲು ನಿಮಗೇ ಬಿಂಕ ಅಡ್ಡ ಬರುತ್ತದೆ. ಮಾತು ಬರದಿದ್ದರೆ 'ಹೇಳಿದ್ದು ಒಳ್ಳೆಯದಾಯಿತು, ನಾಳೆ ಮಾತಾಡೋಣ' ಎಂದು ಹೇಳಿ ಎದ್ದುಬಿಡಿ. ಅಷ್ಟು ಹೇಳುವುದಕ್ಕೂ ಎಷ್ಟು ಬಲ ಬೇಕೆಂದು ನನಗೆ ಗೊತ್ತು.

ಮೊದಲ ಪ್ರಶ್ನೆ ಕೇಳಿದವರು, ಹತ್ತು ದಿನಗಳ ನಂತರ:

ಮೇಡಂ, ಹೋಗಿ ಹೇಳಿದೆ. ಅಪ್ಪ ಬೈಯಲಿಲ್ಲ, ಅದೇ ಕಷ್ಟವಾಯಿತು. ಎರಡು ದಿನ ಮಾತೇ ಇರಲಿಲ್ಲ. ಮೂರನೆಯ ದಿನ ಶುಲ್ಕ ಎಷ್ಟು ಎಂದು ಕೇಳಿದರು. ಹಾಳೆ ಕೊಟ್ಟೆ. 'ಇದೊಂದು ಸಲ ನೋಡುತ್ತೇನೆ, ಆಗದಿದ್ದರೆ ಹೊಲಕ್ಕೆ ಬಾ' ಎಂದಿದ್ದಾರೆ. ಅವ್ವ ಈಗ ಫೋನಿನಲ್ಲಿ ಓದಿನ ಮಾತೇ ಎತ್ತುವುದಿಲ್ಲ. ನಾನು ಅಂಥ ಯೋಚನೆ ಮಾಡಿರಲಿಲ್ಲ, ನೀವು ಕೇಳಿದ್ದಕ್ಕೆ ಹೇಳುತ್ತಿದ್ದೇನೆ. ಆದರೆ ಈಗಲೂ ಪುಸ್ತಕ ತೆರೆದರೆ ಕೈ ನಡುಗುತ್ತದೆ.

ಉತ್ತರ:

ಹೋಗಿ ಹೇಳಿದಿರಿ, ದೊಡ್ಡ ಕೆಲಸ ಅದು. ಕೈ ನಡುಗುವುದಕ್ಕೆ ಯಾರನ್ನಾದರೂ ಕಾಣಬೇಕು, ಅದು ತಾನಾಗಿ ಹೋಗಲೆಂದು ಕಾಯಬೇಡಿ. ಕಾಲೇಜಿನಲ್ಲಿ ಆಪ್ತಸಮಾಲೋಚಕರಿದ್ದರೆ ಅಲ್ಲಿಂದ ಆರಂಭಿಸಿ. ಯುವಜನರಿಗೆಂದೇ ರಾಜ್ಯ ಸರ್ಕಾರದ 'ಯುವ ಸ್ಪಂದನ' ಕಾರ್ಯಕ್ರಮವಿದೆ, ನಿಮ್ಹಾನ್ಸ್ ಸಹಯೋಗದಲ್ಲಿ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ರೂಪಿಸಿದ್ದು. ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಬಾಕಿ ವಿಷಯಗಳಲ್ಲಿ ಸುಲಭವಾದ ಒಂದನ್ನು ಮೊದಲು ಹಿಡಿಯಿರಿ. ಅವ್ವ ಓದಿನ ಮಾತೆತ್ತದಿದ್ದರೆ ನೀವೇ ಎತ್ತಿ, ಇವತ್ತು ಇಷ್ಟು ಓದಿದೆ ಎಂದು ಹೇಳಿ. ಓದದ ದಿನ ಓದಲಿಲ್ಲ ಎನ್ನಿ.

ಪ್ರಶ್ನೆ (ತಾಯಿ, ತುಮಕೂರು):

ನನ್ನ ಮಗಳಿಗೆ 24 ವರ್ಷ, ಬೆಂಗಳೂರಿನಲ್ಲಿ ಕೆಲಸ. ಮನೆಗೆ ಬಂದರೆ ಕೋಣೆ ಸೇರಿ ಬಾಗಿಲು ಹಾಕಿಕೊಳ್ಳುತ್ತಾಳೆ. ಏನಾಯಿತು ಎಂದರೆ 'ಏನಿಲ್ಲಮ್ಮ'. ಸಣ್ಣವಳಿದ್ದಾಗ ಎಲ್ಲವನ್ನೂ ಹೇಳುತ್ತಿದ್ದಳು.

ಉತ್ತರ:

ಅಮ್ಮಾ, ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ಕಳೆದ ಸಲ ಅವಳು ಬಂದಾಗ ಎಷ್ಟನೆಯ ಮಾತಿಗೆ ಗಂಡಿನ ವಿಚಾರ ಬಂತು? 24 ವರ್ಷದ ಹೆಣ್ಣುಮಕ್ಕಳು ನನ್ನ ಹತ್ತಿರ ಹೆಚ್ಚಾಗಿ ಹೇಳಿಕೊಳ್ಳುವುದು ಇದನ್ನೇ. 'ಕೆಲಸ ಹೇಗಿದೆ' ಎಂದು ಶುರುವಾದ ಮಾತು ಜಾತಕದ ಹತ್ತಿರ ಹೋಗಿ ನಿಲ್ಲುತ್ತದೆ ಎಂದು ಗೊತ್ತಾದ ಮೇಲೆ ಅವರು ಮೊದಲ ಪ್ರಶ್ನೆಗೇ ಬಾಗಿಲು ಹಾಕುತ್ತಾರೆ. ಮುಂದಿನ ಎರಡು ಮೂರು ಭೇಟಿಯಲ್ಲಿ ಮದುವೆಯ ಮಾತು ಇಲ್ಲ ಎಂದು ಅವಳಿಗೆ ಮೊದಲೇ ಹೇಳಿ, ಮನೆಯವರಿಗೂ ಹೇಳಿ, ಆ ಮಾತಿಗೆ ನಿಲ್ಲಿ.

ಎದುರು ಕೂರಿಸಿಕೊಂಡು ಮುಖ ನೋಡುತ್ತಾ ಪ್ರಶ್ನೆ ಕೇಳುವುದು ಬೇಡ, ಅದು ವಿಚಾರಣೆಯಾಗುತ್ತದೆ. ಅವರೆಕಾಯಿಯ ಕಾಲವಾದರೆ ಮೊರದ ತುಂಬ ಕಾಯಿ ಹಾಕಿಕೊಂಡು ಇಬ್ಬರೂ ಸುಲಿಯುತ್ತಾ ಕೂರಿ. ಕಣ್ಣು ಮೊರದ ಮೇಲೆ, ಕೈಗೆ ಸೊನೆಯ ವಾಸನೆ, ಮಾತಿಗೆ ಆತುರವಿಲ್ಲ. ಹಿತಕಿದಬೇಳೆ ಮಾಡುವುದಾದರೆ ಇನ್ನೂ ಒಳ್ಳೆಯದು, ನೆನೆಸಿದ ಕಾಳನ್ನು ಒಂದೊಂದಾಗಿ ಹಿತುಕುವಷ್ಟರಲ್ಲಿ ಗಂಟೆಯಾಗುತ್ತದೆ. ಅವಳೇನಾದರೂ ಹೇಳಿದರೆ ತಕ್ಷಣ ಪರಿಹಾರ ಕೊಡಬೇಡಿ. 'ಆಮೇಲೆ?' ಎಂದು ಕೇಳಿ, ಅಷ್ಟೇ. ಆದರೆ ನಿದ್ದೆ, ಊಟ, ಕೆಲಸ ಇವೇ ಕೆಟ್ಟಿದ್ದರೆ ಇದು ಬರೀ ಮುನಿಸಲ್ಲ, ಮನೋವೈದ್ಯರನ್ನು ಕಾಣುವ ಮಾತೆತ್ತಿ.

ಪ್ರಶ್ನೆ (ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, 17 ವರ್ಷ):

ಮನೆಯಲ್ಲಿ ಅಜ್ಜಿ, ದೊಡ್ಡಪ್ಪ ಎಲ್ಲರೂ ಇದ್ದೇವೆ. ಒಬ್ಬಳೇ ಕೂತು ಮಾತನಾಡಲು ಜಾಗವಿಲ್ಲ, ಅಣ್ಣ ನನ್ನ ಫೋನ್ ನೋಡುತ್ತಾನೆ. ಅಪ್ಪ ಅಮ್ಮನಿಗೆ ತಿಳಿಯದಂತೆ ನಿಮ್ಮಂಥವರ ಹತ್ತಿರ ಮಾತನಾಡಬಹುದೇ? ನಾವು ಹೇಳಿದ್ದನ್ನು ಮನೆಗೆ ಹೇಳಿಬಿಡುತ್ತೀರಾ?

ಉತ್ತರ:

ಮಾತನಾಡಬಹುದು. ಓದು, ಗೆಳೆತನ, ಮನೆಯ ಜಗಳ, ಪ್ರೀತಿ, ಯಾವುದೇ ಇರಲಿ, ನೀನು ಹೇಳಿದ್ದನ್ನು ಮನೆಗೆ ಮುಟ್ಟಿಸುವುದು ನಮ್ಮ ಕೆಲಸವಲ್ಲ. ಎರಡು ಕಡೆ ಮಾತ್ರ ಸುಮ್ಮನಿರಲು ಆಗುವುದಿಲ್ಲ, ಅದನ್ನು ಮೊದಲೇ ತಿಳಿದಿರು. ಜೀವಕ್ಕೆ ಅಪಾಯವಿದ್ದರೆ ದೊಡ್ಡವರೊಬ್ಬರಿಗೆ ಹೇಳಲೇಬೇಕು. 18 ವರ್ಷದೊಳಗಿನವರ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಎಂದು ತಿಳಿದರೆ 2012ರ ಪೋಕ್ಸೊ ಕಾಯ್ದೆಯಂತೆ ದೂರು ಕೊಡಲೇಬೇಕು, ನಮಗೆ ಬೇರೆ ದಾರಿಯಿಲ್ಲ. ಅಂಥದ್ದೇನಾದರೂ ಇದ್ದರೆ 1098ಕ್ಕೆ ನೀನೇ ಕರೆ ಮಾಡಬಹುದು, ಮಕ್ಕಳ ಸಹಾಯವಾಣಿ ಅದು. ಮಾತ್ರೆ, ಔಷಧದ ಚಿಕಿತ್ಸೆ ಬೇಕೆಂದಾದರೆ ನಿನ್ನ ವಯಸ್ಸಿಗೆ ಪೋಷಕರ ಒಪ್ಪಿಗೆ ಬೇಕಾಗುತ್ತದೆ.

ಹದಿಹರೆಯದವರಿಗಾಗಿ ಸರ್ಕಾರಿ ಆಸ್ಪತ್ರೆಗಳಲ್ಲಿ 'ಸ್ನೇಹ ಕ್ಲಿನಿಕ್' ಇರುತ್ತದೆ. ತಾಲ್ಲೂಕು ಆಸ್ಪತ್ರೆಯಲ್ಲಿ ಯಾವ ದಿನ, ಎಷ್ಟು ಹೊತ್ತಿಗೆ ಎಂದು ವಿಚಾರಿಸು.

ಅದೇ ವಿದ್ಯಾರ್ಥಿನಿ:

14416ಕ್ಕೆ ಕರೆ ಮಾಡಿದರೆ ಫೋನಿನಲ್ಲಿ ಆ ಸಂಖ್ಯೆ ಉಳಿಯುತ್ತದಲ್ಲವೇ? ಅಣ್ಣ ನೋಡಿದರೆ?

ಉತ್ತರ:

ಉಳಿಯುತ್ತದೆ, ಅಳಿಸಬೇಕು. ಅದಕ್ಕಿಂತ ಗೆಳತಿಯ ಫೋನಿನಿಂದ ಮಾಡುವುದು ಸುಲಭ. ಕಾಲೇಜಿನಲ್ಲಿ ನಿನಗೆ ನಂಬಿಕೆಯಿರುವ ಉಪನ್ಯಾಸಕಿ ಇದ್ದರೆ ಮಧ್ಯಾಹ್ನದ ಬಿಡುವಿನಲ್ಲಿ ಸಿಬ್ಬಂದಿ ಕೊಠಡಿಗೆ ಹೋಗಿ 'ಮಿಸ್, ಒಂದು ಕರೆ ಮಾಡಬೇಕಿತ್ತು' ಎಂದು ಕೇಳು. ಯಾಕೆಂದು ವಿವರಿಸಬೇಕಾಗಿಲ್ಲ. ಅಣ್ಣನ ವಿಚಾರವನ್ನು ಇನ್ನೊಂದು ದಿನ ಬರೆ, ಅವನು ಯಾಕೆ ನೋಡುತ್ತಾನೆ, ಮನೆಯಲ್ಲಿ ಯಾರ ಮಾತು ಕೇಳುತ್ತಾನೆ ಎಂಬುದನ್ನೂ ಸೇರಿಸು.